ನೆಲದ ಪಾಲು

ಗುಡ್ಡೆ ಬಾಡು ಪಾಲು ಹಾಕುವುದರಲ್ಲಿ ಅಡವಯ್ಯನ ಕೈ ತಕ್ಕಡಿಗಿಂತ ನಿಯತ್ತಿನದು ಎಂದು ಊರಿನವರು ಈಗಲೂ ಹೇಳುತ್ತಾರೆ. ಯುಗಾದಿಯ ಮಾರನೆಯ ದಿನ, ಹೊಸತೊಡಕಿಗೆ, ಕುರಿ ಕಡಿದು ಮುತ್ತುಗದ ಎಲೆಯ ಮೇಲೆ ಗುಡ್ಡೆ ಹಾಕುವಾಗ ಇವನಿಗೇ ಕರೆ ಬರುತ್ತದೆ. ವಯಸ್ಸು ಎಪ್ಪತ್ತಮೂರು, ಒಂದು ಕಣ್ಣಿಗೆ ಪೊರೆ ಬಂದಿದೆ. ಆದರೂ ಯಾವ ಗುಡ್ಡೆಗೂ ಎಲುಬು ಹೆಚ್ಚು ಬೀಳುವುದಿಲ್ಲ, ಈಲಿಯ, ಅಂದರೆ ಲಿವರಿನ, ಚೂರು ಕಡಿಮೆಯಾಗುವುದಿಲ್ಲ. ಈ ವಿದ್ಯೆಯನ್ನು ಅವನು ಕಲಿತದ್ದು ಕುರಿಯ ಮೇಲಲ್ಲ, ಮೊಲದ ಮೇಲೆ. ಅದನ್ನು ಮಾತ್ರ ಈಗ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಮಧುಗಿರಿಯಿಂದ ಕೊರಟಗೆರೆ ಕಡೆಗೆ ಹೋಗುವಾಗ ಒಳಗಡೆ ತಿರುಗಿದರೆ ಸಿಗುವ ಸಣ್ಣ ಊರು ಅವನದು. ಮೂರು ಕಡೆ ಬೋಳುಬಂಡೆಯ ಗುಡ್ಡ, ಒಂದು ಕಡೆ ಕೆರೆ. ಅವನು ಹರೆಯದವನಾಗಿದ್ದಾಗ ಹೊಸತೊಡಕು ಎಂದರೆ ಕುರಿಯಲ್ಲ, ಬೇಟೆ. ಬೆಳಗಿನ ಜಾವದಲ್ಲೇ ಗಂಡಸರೆಲ್ಲ ದೊಣ್ಣೆ ಹಿಡಿದು, ನಾಯಿಗಳನ್ನು ಕರೆದುಕೊಂಡು ಗುಡ್ಡದ ತಪ್ಪಲಿಗೆ ಹೋಗುವರು. ಹಿಂದಿನ ದಿನ ಮನೆಯವರಿಗೆ ಒಬ್ಬಟ್ಟಾದರೆ ನಾಯಿಗೆ ಮಜ್ಜಿಗೆಯಲ್ಲಿ ಕಿವುಚಿದ ರಾಗಿಮುದ್ದೆ. ಹೊಟ್ಟೆ ಭಾರವಾದ ನಾಯಿ ಓಡುವುದಿಲ್ಲ ನೋಡಿ. ಅಡವಯ್ಯನ ಕೆಂಪಿ ಎಂಬ ನಾಯಿ ಮೊಲದ ಹಿಂದೆ ಬಿದ್ದರೆ ಅದರ ಕಾಲು ನೆಲಕ್ಕೆ ತಾಗುವುದೇ ಕಾಣುತ್ತಿರಲಿಲ್ಲವಂತೆ. ಇದು ಅಡವಯ್ಯನ ಮಾತು. ಇದರಲ್ಲಿ ನಾಲ್ಕಾಣೆ ಕಳೆದುಕೊಂಡರೂ ಹನ್ನೆರಡಾಣೆ ನಿಜ.

ಆದರೆ ಅವನ ಕಣ್ಣು ತುಂಬಿ ಬರುವುದು ಓಟ ನೆನೆದಾಗಲ್ಲ, ಪಾಲು ನೆನೆದಾಗ. ಕೆರೆ ಏರಿಯ ಪಕ್ಕ ಮಂಚದಗಲದ ಒಂದು ಹಾಸುಬಂಡೆ ಇದೆ. ಅದಕ್ಕೆ ಪಾಲುಬಂಡೆ ಎಂದೇ ಹೆಸರು. ಬಿದ್ದ ಮೊಲವನ್ನು ಅಲ್ಲಿ ಕೊಯ್ದು, ಬಂದ ಗಂಡಸರಿಗೆ ಒಂದೊಂದು ಪಾಲು, ಹಿಡಿದ ನಾಯಿಗೆ ಒಂದು ಪಾಲು, ಮೊಲ ಯಾರ ಹೊಲದಲ್ಲಿ ಬಿತ್ತೋ ಅವರಿಗೆ ಒಂದು ಪಾಲು. ಕೊನೆಯದಕ್ಕೆ ನೆಲದ ಪಾಲು ಎನ್ನುತ್ತಿದ್ದರು. ಹೊಲದವನು ಬೇಟೆಗೆ ಬರದೆ ಮನೆಯಲ್ಲಿ ಮಲಗಿದ್ದರೂ ಸರಿ, ಕೊಯ್ಯುವ ಮೊದಲು ಮೊಲವನ್ನು ಅವನ ಅಂಗಳಕ್ಕೆ ಒಯ್ದು, ಇಂಥ ಕಡೆ ಬಿತ್ತು ಎಂದು ತೋರಿಸಿ ಬರಬೇಕು. ಅಡವಯ್ಯನ ಅಪ್ಪನಿಗೂ ಪಕ್ಕದ ಹೊಲದವರಿಗೂ ಬದುವಿನ ಜಗಳವಾಗಿ ಹನ್ನೊಂದು ವರ್ಷ ಮಾತಿರಲಿಲ್ಲ. ಆಗಲೂ ಒಂದು ಹೊಸತೊಡಕಿನ ದಿನ ಆ ಮುದುಕ ಹಲ್ಲು ಕಚ್ಚಿಕೊಂಡು ಮೊಲ ಹಿಡಿದು ಅವರ ಅಂಗಳಕ್ಕೆ ಹೋಗಿ ನಿಂತ. ಅವರು ಕುಡಿಯಲು ನೀರು ಕೊಟ್ಟರು. ಜಗಳ ಅಲ್ಲಿಗೆ ಮುಗಿಯಿತು. ಆ ಮನೆಯ ಮಗನೇ ರುದ್ರಯ್ಯ, ಅಂದಿನಿಂದ ಅಡವಯ್ಯನ ಜೀವದ ಗೆಳೆಯ.

ಇನ್ನೂ ಒಂದು ಕಟ್ಟುಪಾಡು ಇತ್ತು. ಬೇಟೆಯ ವಿಷಯದಲ್ಲಿ ಸುಳ್ಳು ಹೇಳಬಾರದು. ಯಾರ ನಾಯಿ ಹಿಡಿಯಿತು, ಯಾರು ಛೂ ಬಿಟ್ಟರು, ಎಲ್ಲಿ ಬಿತ್ತು ಎಂದು ಇದ್ದದ್ದು ಇದ್ದ ಹಾಗೆ ಹೇಳಬೇಕು. ಸುಳ್ಳು ಹೇಳಿದವನ ನಾಯಿಗೆ ಮೂಗು ಸತ್ತುಹೋಗುತ್ತದೆ ಎಂದು ಎಲ್ಲರ ನಂಬಿಕೆ. ಹೆಂಡತಿಯ ಮೇಲೆ ಆಣೆಯಿಟ್ಟು ಸುಳ್ಳು ಹೇಳುವ ಭೂಪರೂ ಪಾಲುಬಂಡೆಯ ಮುಂದೆ ನಿಜವನ್ನೇ ಹೇಳುತ್ತಿದ್ದರು.

ಅಡವಯ್ಯನಿಗೆ ಮೂವತ್ತು ದಾಟಿದ ಮೇಲೆ ಒಂದು ದಿನ ಊರಿಗೆ ಜೀಪು ಬಂತು. ಅರಣ್ಯ ಇಲಾಖೆಯ ಸಾಹೇಬರೊಬ್ಬರು ಶಾಲೆಯ ಜಗಲಿಯ ಮೇಲೆ ನಿಂತು, ಕಾನೂನು ಬಂದು ಆಗಲೇ ಹತ್ತು ವರ್ಷವಾಯಿತು, ಮೊಲ ಹೊಡೆದರೂ ಜೈಲು ಎಂದರು. ಅಡವಯ್ಯ ಎದ್ದು ನಿಂತು, "ನಾವೆಲ್ಲಿ ಹೊಡೀತೀವಿ ಸ್ವಾಮಿ, ನಾಯಿ ಹಿಡೀತೈತೆ" ಎಂದ. ಜನ ನಕ್ಕರು. ಸಾಹೇಬರೂ ನಕ್ಕು, "ನಾಯಿಗೆ ಛೂ ಅನ್ನೋನು ಯಾರಪ್ಪ? ಅಟ್ಟಿಸ್ಕೊಂಡು ಹೋದ್ರೂ ಅದು ಬೇಟೇನೇ. ಕೈಗೆ ಸಿಗದಿದ್ರೂ ಬೇಟೇನೇ" ಎಂದರು. ಅಡವಯ್ಯ ಕೂತುಕೊಂಡ.

ಹಾಗೆಂದು ಬೇಟೆ ಅವತ್ತೇ ನಿಲ್ಲಲಿಲ್ಲ, ಕದ್ದುಮುಚ್ಚಿ ಕೆಲವು ವರ್ಷ ನಡೆಯಿತು. ಆಮೇಲೆ ಎಲ್ಲಿಂದಲೋ ಬಂದವರು ಜೀಪಿನಲ್ಲಿ ದೊಡ್ಡ ಲೈಟು ಹಾಕಿಕೊಂಡು ಬಂದೂಕಿನಿಂದ ಸಿಕ್ಕಿದ್ದನ್ನೆಲ್ಲ ಹೊಡೆದುಕೊಂಡು ಹೋದರು. ಅವರಿಗೆ ಪಾಲೂ ಇಲ್ಲ, ಬಂಡೆಯೂ ಇಲ್ಲ. ಮೂರೇ ವರ್ಷಕ್ಕೆ ಗುಡ್ಡದಲ್ಲಿ ಮೊಲದ ಹಿಕ್ಕೆ ಕಾಣುವುದೂ ಅಪರೂಪವಾಯಿತು. ಆಗ ಅಡವಯ್ಯ ತಾನಾಗಿಯೇ ದೊಣ್ಣೆಯನ್ನು ಅಟ್ಟಕ್ಕೆ ಹಾಕಿದ. ಕಾನೂನಿಗೆ ಹೆದರಿ ಅಲ್ಲ, ನಾಚಿಕೆಯಿಂದ. ನಾಯಿ ಸಾಕುವುದನ್ನು ಮಾತ್ರ ಬಿಡಲಿಲ್ಲ. ಈಗಿರುವ ಚುಕ್ಕಿ, ಕೆಂಪಿಯ ಮರಿಯ ಮರಿಯ ಮರಿ, ಎಷ್ಟನೆಯ ತಲೆಯೋ ಲೆಕ್ಕವಿಲ್ಲ. ಹಣೆಯ ಮೇಲೆ ಬಿಳಿ ಬೊಟ್ಟು, ಸಣ್ಣ ಸೊಂಟ. ಅವನ ಹೆಂಡತಿ ದೊಡ್ಡಕ್ಕ, "ಈ ಮನೇಲಿ ನನಗಿಂತ ಅವಳಿಗೇ ಮರ್ವಾದೆ ಜಾಸ್ತಿ" ಎಂದು ಗೊಣಗುತ್ತಲೇ ದಿನವೂ ಅದಕ್ಕೆ ಮುದ್ದೆ ಕಿವುಚುತ್ತಾಳೆ.

ಬೇಟೆ ಹೋದರೂ ಅದರ ಕತೆ ಉಳಿಯಿತು. ಆ ಕತೆಯನ್ನು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದವಳು ರುದ್ರಯ್ಯನ ಮಗಳು ಅನುಷಾ. ಏಳೆಂಟು ವರ್ಷದ ಹುಡುಗಿಯನ್ನು ಅಡವಯ್ಯ ಗುಡ್ಡದ ತಪ್ಪಲಿಗೆ ಕರೆದುಕೊಂಡು ಹೋಗಿ, ಇದು ಮೊಲದ ಹೆಜ್ಜೆ, ಇದು ನರಿಯದು, ಇಲ್ಲಿ ಕರಡಿ ಕೆದಕಿದೆ ನೋಡು ಎಂದು ತೋರಿಸುತ್ತಿದ್ದ. ಆ ಹುಡುಗಿ ಬೆಳೆದು, ಪರೀಕ್ಷೆ ಬರೆದು, ಅರಣ್ಯ ಇಲಾಖೆಯಲ್ಲೇ ಗಾರ್ಡ್ ಆದಳು. ಕೊರಟಗೆರೆ ಕಡೆ ಕೆಲಸ. ಆರ್ಡರ್ ಬಂದ ದಿನ ಮೊದಲು ಸಿಹಿ ತಂದದ್ದು ಅಡವಯ್ಯನ ಮನೆಗೆ. "ಹೆಜ್ಜೆ ನೋಡೋದು ಕಲಿಸಿದ್ದು ನೀವೇ ಅಲ್ವಾ ದೊಡ್ಡಪ್ಪ" ಎಂದಿದ್ದಳು. ಅವನು ಅದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ.

ಈ ವರ್ಷದ ಹೊಸತೊಡಕಿನ ಬೆಳಿಗ್ಗೆ ಗುಡ್ಡೆ ಪಾಲು ಹಾಕಿ, ತನ್ನ ಪಾಲನ್ನು ದೊಡ್ಡಕ್ಕನ ಕೈಗೆ ಕೊಟ್ಟು, ಅಡವಯ್ಯ ಚುಕ್ಕಿಯ ಕೊರಳಿಗೆ ಹಗ್ಗ ಕಟ್ಟಿಕೊಂಡು ಹೊಲದ ಕಡೆ ಹೊರಟ. ರುದ್ರಯ್ಯನ ಹುರುಳಿ ಹೊಲದ ಬದುವಿನಲ್ಲಿ ನಡೆಯುತ್ತಿದ್ದಾಗ ಲಂಟಾನ ಪೊದೆಯಿಂದ ಮೊಲ ನೆಗೆಯಿತು. ಹಗ್ಗ ಬಿಗಿಯಾಯಿತು. ಹಿಡಿದುಕೊಳ್ಳಬಹುದಿತ್ತು, ಕೈಯಲ್ಲಿ ಅಷ್ಟು ಶಕ್ತಿ ಇನ್ನೂ ಇದೆ. ಆದರೆ ಬೆರಳು ಬಿಚ್ಚಿಕೊಂಡವು. ಬಾಯಿ ತಾನೇ ತಾನಾಗಿ "ಛೂ" ಎಂದಿತು. ಹುಟ್ಟುಗುಣ ಸುಟ್ಟರೂ ಹೋಗುವುದಿಲ್ಲ ಎನ್ನುವುದು ನಾಯಿಗೆ ಮಾತ್ರ ಹೇಳಿದ ಮಾತಲ್ಲ. ಚುಕ್ಕಿ ಓಡಿದಳು. ಆ ಅರ್ಧ ನಿಮಿಷ ಅಡವಯ್ಯನಿಗೆ ಮೊಣಕಾಲಿನ ನೋವಿರಲಿಲ್ಲ, ಕಣ್ಣಿನ ಪೊರೆ ಇರಲಿಲ್ಲ, ಸತ್ತುಹೋದ ಗೆಳೆಯರೆಲ್ಲ ಬದುವಿನ ಉದ್ದಕ್ಕೂ ನಿಂತು ಕೂಗುತ್ತಿದ್ದರು. ಅವನಿಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಏನು ಮಾಡುವುದು.

ಚುಕ್ಕಿ ಮೊಲವನ್ನು ತಂದು ಅವನ ಕಾಲ ಬಳಿ ಇಟ್ಟಾಗ ಅದರಲ್ಲಿ ಉಸಿರಿರಲಿಲ್ಲ. ಅವನು ಅದನ್ನು ಟವಲಿನಲ್ಲಿ ಸುತ್ತಿ ನಡೆಯತೊಡಗಿದ. ಎಲ್ಲಿಗೆ? ಹೊಲ ರುದ್ರಯ್ಯನದು, ಹೋಗಬೇಕಾದ್ದು ರುದ್ರಯ್ಯನ ಅಂಗಳಕ್ಕೆ. ಅಲ್ಲೇ ಪೊದೆಗೆ ಎಸೆದು ಬಂದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ಅನುಷಾ ಹಬ್ಬಕ್ಕೆ ಊರಿಗೆ ಬಂದಿರುವುದು ಅವನ ತಲೆಗೆ ಗೊತ್ತಿತ್ತು. ಕಾಲಿಗೆ ಗೊತ್ತಿರಲಿಲ್ಲ.

"ರುದ್ರಣ್ಣ, ನಿನ್ನ ಹುರುಳಿ ಹೊಲದಾಗೆ ಬಿತ್ತು" ಎಂದು ಟವಲು ಬಿಚ್ಚಿದಾಗ ಜಗಲಿಯ ಮೇಲೆ ತಲೆ ಬಾಚಿಕೊಳ್ಳುತ್ತ ಕೂತಿದ್ದವಳು ಅನುಷಾ. ಬಾಚಣಿಗೆ ಕೂದಲಲ್ಲೇ ನಿಂತಿತು. ಒಳಗಿಂದ ಬಂದ ರುದ್ರಯ್ಯನ ಮುಖದಲ್ಲಿ ಮೊದಲು ಬಂದದ್ದು ನಗು. ಮಗಳ ಕಡೆ ನೋಡಿದ ಮೇಲೆ ಅದು ಹೋಯಿತು.

"ದೊಡ್ಡಪ್ಪ, ಇದೇನು ಮಾಡ್ಕೊಂಡ್ ಬಂದ್ರಿ" ಎಂದಳು ಅವಳು, ಮೆಲ್ಲಗೆ.

"ಅಯ್ಯೋ, ನಾಯಿ ಹಗ್ಗ ಕಿತ್ಕಂಡು ಓಡೈತೆ ಬುಡಮ್ಮ" ಎಂದು ರುದ್ರಯ್ಯ ಗೆಳೆಯನಿಗೆ ಕಣ್ಣು ಮಿಟುಕಿಸಿದ. "ಇದು ನಿನ್ನ ಬೀಟೂ ಅಲ್ಲ, ಇವತ್ತು ನಿನಗೆ ಡ್ಯೂಟೀನೂ ಇಲ್ಲ. ಒಳಿಕ್ಕೆ ಹೋಗು."

ಅವಳು ಹೋಗಲಿಲ್ಲ. ಚುಕ್ಕಿಯ ಕೊರಳಲ್ಲಿ ಜೋತಾಡುತ್ತಿದ್ದ ಹಗ್ಗವನ್ನು ನೋಡಿದಳು. ಅದು ಹರಿದಿರಲಿಲ್ಲ, ತುದಿಯ ಗಂಟು ಹಾಗೇ ಇತ್ತು. ನೋಡಿಯೂ ಅವಳು ಕೇಳಿದಳು: "ನಾಯಿ ತಾನಾಗೇ ಓಡ್ತಾ, ನೀವು ಬಿಟ್ರಾ? ತಾನಾಗೇ ಓಡಿದ್ರೆ ಅದು ಬೇರೆ ಮಾತು. ಬಿಟ್ಟಿದ್ರೆ ಕೇಸಾಗುತ್ತೆ ದೊಡ್ಡಪ್ಪ. ನಾಯೀನೂ ತಗೊಂಡೋಗ್ಬೋದು."

ಪ್ರಶ್ನೆಯೊಳಗೆ ಅವಳೇ ಒಂದು ಬಾಗಿಲು ತೆರೆದಿಟ್ಟಿದ್ದಳು. ತಾನಾಗೇ ಓಡ್ತು ಎಂದರೆ ಸಾಕಿತ್ತು. ಜೈಲೆಂದರೆ ಅಡವಯ್ಯನಿಗೆ ಅಷ್ಟು ಭಯವಿರಲಿಲ್ಲ. ಚುಕ್ಕಿಯನ್ನು ತೆಗೆದುಕೊಂಡು ಹೋಗುತ್ತಾರೆ ಎಂದಾಗ ಅವನು ಬಗ್ಗಿ ಅವಳ ತಲೆಯ ಮೇಲೆ ಕೈಯಿಟ್ಟ. ಚುಕ್ಕಿ ಅವನ ಕಾಲಿಗೆ ಒರಗಿ, ಏದುಸಿರು ಬಿಡುತ್ತ, ತನ್ನ ಪಾಲಿಗಾಗಿ ಕಾಯುತ್ತ ನಿಂತಿದ್ದಳು.

"ಛೂ ಅಂದೋನು ನಾನೇ ಕಣಮ್ಮ" ಎಂದ ಅಡವಯ್ಯ. "ಅವಳದೇನೂ ತಪ್ಪಿಲ್ಲ. ಬರ್ಕೋ."

"ಲೇ, ನಿನಗೇನು ಬುದ್ಧಿಗಿದ್ಧಿ ಐತೇನ್ಲಾ" ಎಂದು ರುದ್ರಯ್ಯ ತಲೆ ಹಿಡಿದುಕೊಂಡು ಕೂತ. ಅನುಷಾ ಗೋಡೆಯ ಕಡೆ ತಿರುಗಿದಳು. ಆಮೇಲೆ ಸೆರಗಿನ ಹಾಗೆ ಹೊದ್ದಿದ್ದ ವೇಲಿನಿಂದ ಕಣ್ಣೊರೆಸಿಕೊಂಡು ಮಧುಗಿರಿ ರೇಂಜ್ ಆಫೀಸಿಗೆ ಫೋನು ಮಾಡಿದಳು.

ಜೀಪು ಬಂತು, ಮಹಜರಾಯಿತು, ಅದಕ್ಕೆ ಅಡವಯ್ಯ ಹೆಬ್ಬೆಟ್ಟೊತ್ತಿದ. ಮೊಲವನ್ನು ಚೀಲಕ್ಕೆ ಹಾಕಿ ಸೀಲು ಮಾಡಿ ಪಶು ಆಸ್ಪತ್ರೆಗೆ ಒಯ್ದರು. ಬಂದ ಅಧಿಕಾರಿ ಚುಕ್ಕಿಯನ್ನು ಮೇಲಿಂದ ಕೆಳಗೆ ನೋಡಿ, "ನಾಯಿ ವಿಷಯ ಕೋರ್ಟು ಹೇಳುತ್ತೆ. ಅಲ್ಲೀವರೆಗೂ ಓಡದ ಹಾಗೆ ಇಟ್ಕೋ" ಎಂದರು. ಅಡವಯ್ಯ ತಾನೇ ಒಂದು ಜಾಲಿ ತುಂಡು ಕಡಿದು ಅವಳ ಕೊರಳಿಗೆ ಕಟ್ಟಿದ. ನಡೆದರೆ ಅದು ಮುಂಗಾಲಿಗೆ ಬಡಿಯುತ್ತದೆ, ಓಡಲಾಗುವುದಿಲ್ಲ. ಕಟ್ಟುವಾಗ ಅವಳು ಅವನ ಕೈ ನೆಕ್ಕಿದಳು. ಅವನು ಅತ್ತ.

ಅವರ ಜೊತೆ ಮಧುಗಿರಿಗೆ ಹೋಗಿ ಹೇಳಿಕೆ ಕೊಟ್ಟು ಸಂಜೆ ಮನೆಗೆ ಬಂದಾಗ ದೊಡ್ಡಕ್ಕ ಮುದ್ದೆ, ಬಾಡಿನ ಸಾರು ಇಟ್ಟಳು. ಅಡವಯ್ಯ ತನ್ನ ತಟ್ಟೆಯ ತುಂಡುಗಳನ್ನೆಲ್ಲ ಒಂದೊಂದೇ ಆರಿಸಿ ಚುಕ್ಕಿಯ ಬೋಗುಣಿಗೆ ಹಾಕಿದ. ಬರಿ ಸಾರಿನಲ್ಲಿ ಮುದ್ದೆ ನುಂಗಿದ. ದೊಡ್ಡಕ್ಕ ಅವನ ತಟ್ಟೆಗೆ ಇನ್ನೊಂದು ಸೌಟು ಬರಿ ಸಾರು ಬಡಿಸಿದಳು.

ನಾಲ್ಕನೆಯ ದಿನ ಮೊಲವನ್ನು ಹೂಳಲು ಅಪ್ಪಣೆ ಸಿಕ್ಕಿತು. ಅಡವಯ್ಯ ಅಧಿಕಾರಿಯ ಮುಂದೆ ಕೈ ಮುಗಿದು, ಅದು ಬಿದ್ದ ಹೊಲದಲ್ಲೇ ಹೂಳಿ ಸ್ವಾಮಿ ಎಂದು ಕೇಳಿಕೊಂಡ. ಯಾಕೆಂದು ಅವರಿಗೆ ತಿಳಿಯದಿದ್ದರೂ ಅನುಷಾ ಹೇಳಿದ ಮೇಲೆ ಒಪ್ಪಿದರು. ಅವಳು ರಜೆ ಹಾಕಿ ಬಂದಿದ್ದಳು. ರುದ್ರಯ್ಯ ತನ್ನ ಹೊಲದಲ್ಲಿ ತಾನೇ ಗುಂಡಿ ತೋಡಿದ. ಅವನು ಗೆಳೆಯನ ಜೊತೆ ಮಾತು ಬಿಟ್ಟಿದ್ದು ಎರಡು ದಿನ ಮಾತ್ರ.

ಮಣ್ಣು ಮುಚ್ಚಿದ ಮೇಲೆ ಅನುಷಾ ಅಡವಯ್ಯನ ಪಕ್ಕಕ್ಕೆ ಬಂದು ನಿಂತಳು. "ನನ್ನ ಮೇಲೆ ಬೇಜಾರಾ ದೊಡ್ಡಪ್ಪ?"

"ನಿನ್ನ ಮೇಲ್ಯಾಕಮ್ಮ ಬೇಜಾರು. ಹೆಜ್ಜೆ ನೋಡಿದ ಮೇಲೆ ನೋಡ್ಲಿಲ್ಲ ಅನ್ನೋಕಾಯ್ತದಾ" ಎಂದ ಅವನು. ಆಮೇಲೆ ಗುಂಡಿಯ ಕಡೆ ನೋಡುತ್ತ, "ನೆಲದ ಪಾಲು ಪೂರಾ ನೆಲಕ್ಕೇ ಬಂತು. ನಾಯಿ ಪಾಲು ಅವತ್ತೇ ನಾಯಿಗಾಯ್ತು" ಎಂದ.

"ನಿಮ್ಮ ಪಾಲು?"

ಅಡವಯ್ಯ ಅಂಗಿಯ ಜೇಬನ್ನು ತಟ್ಟಿದ. ಅದರೊಳಗೆ ಕೋರ್ಟಿಗೆ ಬರಬೇಕೆಂದು ಕೊಟ್ಟ ಕಾಗದ ಮಡಿಸಿಟ್ಟಿತ್ತು. "ಇಲ್ಲೈತಲ್ಲ. ಯಾರಿಗೂ ಹೆಚ್ಚಿಲ್ಲ, ಕಮ್ಮಿಯಿಲ್ಲ" ಎಂದು, ಚುಕ್ಕಿಯ ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡು, ಬದುವಿನ ಮೇಲೆ ಮನೆಯ ಕಡೆ ನಡೆದ.