ಇಪ್ಪತ್ತೇಳನೇ ನಂಬರಿನ ಕಾಜಕ್ಕ

ಕಾಜಕ್ಕನ ಕಣ್ಣು ಎದುರಿಗಿರುವವರ ಮುಖಕ್ಕಿಂತ ಮೊದಲು ಅವರ ಅಂಗಿಯ ಕಾಜದ ಮೇಲೆ ಬೀಳುತ್ತದೆ. ಗುಂಡಿ ತೂರುವ ಆ ಪುಟ್ಟ ಸೀಳಿನ ಸುತ್ತ ದಾರ ಕಟ್ಟುವ ಕೆಲಸವೊಂದನ್ನೇ ಇಪ್ಪತ್ತೊಂಬತ್ತು ವರ್ಷ ಮಾಡಿದ ಕೈ ಆಕೆಯದು. ಡಾಕ್ಟರು ಬಾಯಿ ತೆರೆಯಿರಿ ಅಂದರೆ, "ನನ್ನದು ಆಮೇಲೆ ನೋಡೋರಂತೆ, ನಿಮ್ಮ ಕೋಟಿನ ಎರಡನೇ ಕಾಜದ ದಾರ ಬಿಚ್ಕೊಂಡಿದೆ, ಕೊಡಿ ಇಲ್ಲಿ" ಅಂದವಳು. ಆಕೆ ಹೊಲಿದ ಕಾಜಗಳನ್ನೆಲ್ಲ ಸಾಲಾಗಿ ಜೋಡಿಸಿದರೆ ಚಂದ್ರನ ತನಕ ಹೋಗಿ, ಅಲ್ಲೊಂದು ಲೋಟ ಚಹಾ ಕುಡಿದು, ಬೇರೆ ದಾರಿಯಲ್ಲಿ ವಾಪಸು ಬರುವಷ್ಟಾಗುತ್ತದೆ ಎಂದು ಬೀದಿಯವರು ಹೇಳುತ್ತಾರೆ. ಹೋಗಿಬಂದು ಅದು ಸುಳ್ಳೆಂದು ಹೇಳಿದವರು ಇದುವರೆಗೆ ಯಾರೂ ಇಲ್ಲ.

ಈಗ ವಯಸ್ಸು ಎಪ್ಪತ್ತಮೂರು. ಸೂಜಿಗೆ ದಾರ ಪೋಣಿಸಿಕೊಡಲು ಸೊಸೆ ಬೇಕು. ಬಾಯಿಗೆ ಮಾತ್ರ ಯಾರೂ ಬೇಕಾಗಿಲ್ಲ.

ಆ ಸೊಸೆಯೇ ಮೊನ್ನೆ ಒಂದು ಕಾಗದ ತಂದು ಓದಿದಳು. ನಲವತ್ತೊಂದು ವರ್ಷದ ಹಿಂದೆ ಯುದ್ಧ ಬೇಡವೆಂದು ಊರಿಗೆ ಊರೇ ಬೀದಿಗಿಳಿದ ದಿನ ನೀವೂ ನಡೆದಿದ್ದರೆ ಬನ್ನಿ, ನೆನಪು ಹೇಳಿ, ನಿಮ್ಮ ದನಿಯನ್ನು ಹಿಡಿದಿಡುತ್ತೇವೆ ಎಂದು ವಾಚನಾಲಯದವರು ಕರೆದಿದ್ದರು. ಮೂರು ದಿನ, ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ.

"ಹೋಗಿ ಬನ್ನಿ ಅತ್ತೆ. ಈ ಕಥೆ ನಮ್ಮನೆ ಗೋಡೆಗೂ ಬಾಯಿಪಾಠ ಆಗೋಗಿದೆ. ಅವರೂ ಸ್ವಲ್ಪ ಕೇಳಲಿ."

"ನಾನು ಹೇಳೋಕೆ ಹೋಗಲ್ಲ ಕಣೇ. ನೋಡೋಕೆ ಹೋಗೋದು."

"ಯಾರನ್ನ?"

"ಗುಡುಗನ್ನ."

ಆ ಕಥೆಯಲ್ಲಿ ಗುಡುಗು ಎಂಬ ಗೆಳತಿ ಇದ್ದಾಳೆಂಬುದು ಸೊಸೆಗೆ ಗೊತ್ತು. ಆಕೆ ಏನಾದಳು ಎಂದು ಅತ್ತೆ ಒಮ್ಮೆಯೂ ಹೇಳಿದ್ದಿಲ್ಲ. ಮೆರವಣಿಗೆಯಲ್ಲಿ ಬ್ಯಾನರು ಮೇಲೇರುವ ಹೊತ್ತಿಗೆ ಕಥೆ ನಿಂತುಬಿಡುತ್ತಿತ್ತು, ಎಣ್ಣೆ ಕಾಣದ ಹೊಲಿಗೆ ಯಂತ್ರದ ಹಾಗೆ.

ಗುಡುಗು ಎಂಬುದು ಕಾರ್ಖಾನೆಯವರು ಇಟ್ಟ ಹೆಸರು. ಸೈನಿಕರ ಸಮವಸ್ತ್ರ ಹೊಲಿಯುವ ಕಾರ್ಖಾನೆ ಅದು. ಉದ್ದನೆಯ ಒಂದೇ ಹಜಾರದಲ್ಲಿ ಅರವತ್ತು ಯಂತ್ರ. ಆಕೆ ಕಾಲರಿನವಳು, ಕಾಜಕ್ಕನ ಎಡಮಗ್ಗುಲಲ್ಲಿ ಕೂರುತ್ತಿದ್ದಳು. ಆಕೆ ನಕ್ಕರೆ ಅರವತ್ತು ಯಂತ್ರಗಳ ಸದ್ದೂ ಅಡಗಿ ಮೂಲೆಯಲ್ಲಿ ಕೂರುತ್ತಿತ್ತು. ಆಕೆ ಕೆಮ್ಮಿದಾಗ ಎರಡು ಬೀದಿಯಾಚೆ ಬಟ್ಟೆ ಒಣಹಾಕಿದ್ದವರು ಮಳೆ ಬಂತೆಂದು ಒಳಗೆ ತಂದುಕೊಂಡದ್ದುಂಟು. ಕಾಜಕ್ಕನ ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಎರಡು ಕೂಸು, ಕೆಲಸ ಕಳೆದುಕೊಂಡು ಮುಖ ಗಂಟಿಕ್ಕಿ ಕೂತ ಗಂಡ. ಇವನ್ನೆಲ್ಲ ಬಿಟ್ಟು ಕಾರ್ಖಾನೆಗೆ ಬರುವ ಅವಳಿಗೆ ಆ ನಗುವೇ ದಿನದ ಮೊದಲ ಚಹಾ.

ಯುದ್ಧ ಮೂರನೇ ವರ್ಷಕ್ಕೆ ಕಾಲಿಟ್ಟಿತ್ತು. ರೇಡಿಯೋ ದಿನಾ ಗೆಲ್ಲುತ್ತಿತ್ತು. ಆದರೆ ಹೊಲಿಯುವವರಿಗೆ ಸುದ್ದಿ ಬರುವ ದಾರಿ ಬೇರೆ. ಮೊದಲ ವರ್ಷ ಬಂದ ಅಂಗಿಗಳ ಎದೆ ಅಳತೆ ನಲವತ್ತು, ನಲವತ್ತೆರಡು. ಎರಡನೇ ವರ್ಷ ಮೂವತ್ತೆಂಟು. ಮೂರನೇ ವರ್ಷದ ಬೇಸಿಗೆಯಲ್ಲಿ ಮೂವತ್ತನಾಲ್ಕು ಬಂದಾಗ ಗುಡುಗು ಕಾಲರನ್ನು ತನ್ನ ಮುಂಗೈಗೆ ಸುತ್ತಿ ನೋಡಿದಳು.

"ಏನೇ ಇದು, ಇನ್ನೂ ಮೀಸೆ ಬರದವರದ್ದು."

ಆವತ್ತು ಆಕೆ ನಗಲಿಲ್ಲ. ಯಂತ್ರಗಳ ಸದ್ದು ದಿನವಿಡೀ ಕೇಳಿಸಿತು.

ಮೆರವಣಿಗೆಯ ಸುದ್ದಿ ಬಂದದ್ದು ಅದೇ ತಿಂಗಳು. ಇಬ್ಬರೂ ಬ್ಯಾನರು ಹೊಲಿಯಲು ಕೂತರು. ಜೇಬಿನ ಒಳಬಟ್ಟೆಯಲ್ಲಿ ಉಳಿಯುವ ಬಿಳಿ ತುಂಡುಗಳನ್ನು ಕೂಡಿಸಿಕೊಂಡು, ಮಧ್ಯಾಹ್ನದ ಊಟದ ಬಿಡುವಿನಲ್ಲಿ, ದಾಸ್ತಾನು ಕೋಣೆಯ ರಟ್ಟಿನ ಪೆಟ್ಟಿಗೆಗಳ ಹಿಂದೆ ಹದಿನೆಂಟು ದಿನ ಹೊಲಿದರು. ಬ್ಯಾನರು ಎಷ್ಟು ಉದ್ದವಾಯಿತೆಂದರೆ, ಒಂದು ತುದಿಯಲ್ಲಿ ಹಸಿವಾದರೆ ಇನ್ನೊಂದು ತುದಿಗೆ ಗೊತ್ತಾಗುವಾಗ ಊಟದ ಹೊತ್ತು ಮುಗಿದಿರುತ್ತಿತ್ತು. ಅದರ ಮೇಲೆ ಸೈನಿಕರ ಅಂಗಿಯದೇ ಹಸಿರು ತುಂಡುಗಳಿಂದ ಅಕ್ಷರ ಕತ್ತರಿಸಿ ಹೊಲಿದರು: ಮಕ್ಕಳ ಅಳತೆಗೆ ಹೊಲಿಯಲಾರೆವು. ಇಷ್ಟು ಬರೆದ ಮೇಲೂ ಇದು ಯಾರ ಕೆಲಸವೆಂದು ಯಾರಿಗೂ ತಿಳಿಯದು ಎಂದು ಇಬ್ಬರೂ ನಂಬಿದ್ದರು. ಊರಲ್ಲಿ ಅಂಥ ಕಾರ್ಖಾನೆ ಏಳು ಇದ್ದವು, ಅದೇ ಧೈರ್ಯ.

ಹಗ್ಗ ತೂರಿಸಲು ಮೇಲಂಚಿಗೆ ತೂತು ಬೇಕಿತ್ತು. ಬೇರೆಯವರಾಗಿದ್ದರೆ ಕತ್ತರಿಯಿಂದ ಚುಚ್ಚುತ್ತಿದ್ದರು. ಕಾಜಕ್ಕ ಹನ್ನೆರಡು ಕಾಜ ಹೊಲಿದಳು, ಮದುವಣಿಗನ ಕೋಟಿಗೂ ಸಿಗದಂಥವು.

ಮೆರವಣಿಗೆಯ ದಿನ ಊರಿನ ಬೀದಿಗಳು ಸಾಲದೆ ಪಕ್ಕದೂರಿನಿಂದ ಎರಡು ಬೀದಿ ಎರವಲು ತರಬೇಕಾಗಿತ್ತು ಎಂದು ಕಾಜಕ್ಕ ಈಗಲೂ ಹೇಳುತ್ತಾಳೆ. ಬೇಕರಿಯವರು ಹಿಟ್ಟಿನ ಕೈಯಲ್ಲೇ ಬಂದರು. ಆಸ್ಪತ್ರೆಯ ದಾದಿಯರು, ಟ್ರಾಮಿನ ಚಾಲಕರು, ಕನ್ನಡಕ ಮರೆತು ಬಂದ ಮೇಷ್ಟ್ರು, ಮಗನ ಫೋಟೋ ಎದೆಗೊತ್ತಿಕೊಂಡ ಹೆಂಗಸರು. ಬ್ಯಾನರಿನ ಬಲಗೋಲು ಕಾಜಕ್ಕನ ಕೈಯಲ್ಲಿ, ಎಡಗೋಲು ಗುಡುಗಿನ ಕೈಯಲ್ಲಿ. ಗಾಳಿ ತುಂಬಿ ಬಟ್ಟೆ ಹೊಟ್ಟೆ ಬಿಟ್ಟಿತು. ಕಾಲು ನೆಲದಿಂದ ಒಂದು ಮೊಳ ಮೇಲೆದ್ದಿತೆಂದು ಕಾಜಕ್ಕನ ವಾದ. ಆ ತುದಿಯಿಂದ ಗುಡುಗು ಕೂಗುತ್ತಿದ್ದಳು. ಸಾವಿರಾರು ಗಂಟಲಿನ ನಡುವೆಯೂ ಆ ಒಂದು ಗಂಟಲು ಬೇರೆಯಾಗಿ ಕೇಳುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಕೂಗು ಬಂದಾಗಲೆಲ್ಲ ಕೋಲು ಕೈಯಲ್ಲಿ ನಡುಗುತ್ತಿತ್ತು.

ಸಂಜೆ ಚೌಕದಲ್ಲಿ ಪೊಲೀಸರು ನುಗ್ಗಿ ಬ್ಯಾನರುಗಳನ್ನೆಲ್ಲ ಕಿತ್ತುಕೊಂಡರು. ಇಬ್ಬರೂ ಬೇರೆ ಬೇರೆ ಗಲ್ಲಿ ಹಿಡಿದು ಮನೆ ಸೇರಿದರು. ಮನೆಯವರಿಗೆ ಹೇಳುತ್ತಿದ್ದ ಕಥೆ ಇಲ್ಲಿಗೇ ಮುಗಿಯುತ್ತಿತ್ತು.

ಹೇಳದೆ ಉಳಿದದ್ದು ಇಷ್ಟು. ಆ ಕಾರ್ಖಾನೆಯಲ್ಲಿ ಬಟ್ಟೆ ಕೊನೆಯದಾಗಿ ಯಾರ ಕೈ ದಾಟುತ್ತದೋ ಅವರು ಕಾರ್ಖಾನೆಯ ಗುರುತೂ ತಮ್ಮ ನಂಬರೂ ಇರುವ ಬಟ್ಟೆಚೀಟಿಯನ್ನು ಒಳಅಂಚಿಗೆ ಹೊಲಿಯಬೇಕು. ತಪ್ಪಿದ್ದರೆ ಯಾರನ್ನು ಬೈಯಬೇಕೆಂದು ಗೊತ್ತಾಗಲಿ ಎಂದು. ಕಾಜ ಯಾವಾಗಲೂ ಕೊನೆಯ ಕೆಲಸ. ಹನ್ನೆರಡನೇ ಕಾಜ ಮುಗಿದು ದಾರ ಕಡಿದೊಡನೆ ಕಾಜಕ್ಕನ ಕೈ, ಅವಳನ್ನು ಒಂದು ಮಾತೂ ಕೇಳದೆ, ಡಬ್ಬಿಯಿಂದ ಚೀಟಿ ತೆಗೆದು ಬ್ಯಾನರಿನ ಅಂಚಿಗೆ ಹೊಲಿದುಬಿಟ್ಟಿತ್ತು. ಇಪ್ಪತ್ತೇಳು.

ಮರುದಿನ ಬೆಳಿಗ್ಗೆ ಮೇಸ್ತ್ರಿ ಹಜಾರದ ನಡುವೆ ಬಂದು ನಿಂತ. ಬಾಗಿಲಲ್ಲಿ ಇಬ್ಬರು ಪೊಲೀಸರು. ಮೇಸ್ತ್ರಿಯ ಕೈಯಲ್ಲಿ ಬ್ಯಾನರಿನ ಅಂಚು.

"ಇಪ್ಪತ್ತೇಳು ಯಾರದ್ದಮ್ಮ?"

ಅದು ಯಾರದೆಂದು ಅವನಿಗೂ ಗೊತ್ತು, ಅರವತ್ತು ಜನಕ್ಕೂ ಗೊತ್ತು. ಕಾಜಕ್ಕನ ಎಡಗಡೆ ಸ್ಟೂಲು ಸರಿದ ಸದ್ದಾಯಿತು.

"ಚೀಟಿ ಅವಳದ್ದು, ಕೆಲಸ ನಂದು. ಅವಳ ಡಬ್ಬಿಯಿಂದ ನಾನೇ ಎತ್ಕೊಂಡೆ." ಹಿಂದಿನ ದಿನದ ಕೂಗಿಗೆ ಗುಡುಗಿನ ಗಂಟಲು ಪೂರ್ತಿ ಕಟ್ಟಿತ್ತು. ದನಿಯೆಂದರೆ ಒಣಎಲೆ ತುಳಿದಷ್ಟು.

"ಈ ಕಾಜ ಹೊಲಿದಿದ್ದೂ ನೀನೇನಾ?"

ಗುಡುಗು ಹೊಲಿದ ಕಾಜ ಇಲಿ ಕಡಿದ ತೂತಿನಂತಿರುತ್ತದೆಂದು ಹಜಾರಕ್ಕೆಲ್ಲ ತಿಳಿದದ್ದೇ. ಆಕೆ ಹೂಂ ಅಂದಳು. ಮೇಸ್ತ್ರಿ ಕಾಜ ನೋಡಿದ, ಕಾಜಕ್ಕನನ್ನು ನೋಡಿದ. ಪೊಲೀಸರಿಗೆ ಒಪ್ಪಿಸಲು ಅವನಿಗೆ ಒಬ್ಬಳು ಬೇಕಿತ್ತು, ನಿಜ ಬೇಕಿರಲಿಲ್ಲ. ಹೋಗುವಾಗ ಗುಡುಗು ಬಗ್ಗಿ ಚಪ್ಪಲಿ ಹಾಕಿಕೊಳ್ಳುವ ನೆಪದಲ್ಲಿ ಪಿಸುಗುಟ್ಟಿದಳು: "ಸುಮ್ನೆ ಕೂತ್ಕೋ. ನಿನಗೆ ಮನೆ ತುಂಬ ಜನ. ನನಗ್ಯಾರಿದ್ದಾರೆ?"

ಕಾಜಕ್ಕ ಸುಮ್ಮನೆ ಕೂತಳು.

ಗುಡುಗನ್ನು ಹನ್ನೊಂದು ದಿನ ಒಳಗಿಟ್ಟುಕೊಂಡಿದ್ದರು. ನೋಡಲು ಹೋಗುವ ಧೈರ್ಯ ಕಾಜಕ್ಕನಿಗೆ ಬರಲಿಲ್ಲ. ಹನ್ನೆರಡನೇ ದಿನ ಆಕೆಯ ಬಾಡಿಗೆ ಕೋಣೆಗೆ ಹೋದರೆ ಬೀಗ. ಮನೆಯೊಡೆಯ ಅಕ್ಕನ ಊರಿಗೆ ಹೋದಳೆಂದ. ಅಕ್ಕನ ಊರು ಯಾವುದೆಂದು ಕೇಳಿದ್ದಕ್ಕೆ, "ಅವರಕ್ಕ ಇರೋ ಊರು" ಅಂದ. ಮರುವರ್ಷ ಯುದ್ಧ ನಿಂತಿತು. ಕಾರ್ಖಾನೆಯಲ್ಲಿ ಶಾಲೆಯ ಅಂಗಿ ಹೊಲಿಯತೊಡಗಿದರು. ಮಕ್ಕಳ ಅಳತೆ ಮಕ್ಕಳಿಗೇ ವಾಪಸಾಯಿತು. ಅದನ್ನು ಹೇಳಿ ನಗಲು ಎಡಮಗ್ಗುಲಲ್ಲಿ ಯಾರೂ ಇರಲಿಲ್ಲ. ಕಾಲರಿಗೆ ಹೊಸಬಳು ಬಂದಳು, ಒಳ್ಳೆಯವಳು, ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಅಂದಿನಿಂದ ಬಸ್ಸಿನಲ್ಲಿ ಯಾರಾದರೂ ಹೆಂಗಸು ಜೋರಾಗಿ ನಕ್ಕರೆ ಕಾಜಕ್ಕ ಅವರ ಹಿಂದೆ ಇಳಿದುಬಿಡುತ್ತಾಳೆ. ಹೀಗೆ ತಪ್ಪು ಸ್ಟಾಪುಗಳಲ್ಲಿ ಇಳಿದು ಇಳಿದು ಅವಳಿಗೆ ಊರೆಲ್ಲ ಪರಿಚಯವಾಗಿದೆ.

ವಾಚನಾಲಯದ ವರಾಂಡದಲ್ಲಿ ಮೊದಲೆರಡು ದಿನ ಅವಳು ಬೆಂಚಿನ ಮೇಲೆ ಕೂತು ಬಂದವರನ್ನು ನೋಡಿದಳು. ಅಂದು ನಡೆದವರು ಒಂದು ಲಕ್ಷವಿದ್ದರೆ, ನಡೆದೆವೆನ್ನುವವರು ಈಗ ಐದು ಲಕ್ಷವಿದ್ದರು. ಪಕ್ಕದಲ್ಲಿ ನಿಂತು ಬೈದವರೆಲ್ಲ ಎಲ್ಲಿ ಕರಗಿಹೋದರೋ. ಪ್ರತಿಯೊಬ್ಬ ಮುದುಕಿಯೂ ಮೆಟ್ಟಿಲು ಹತ್ತುವಾಗ ಕಾಜಕ್ಕ ಕಾಜ ನೋಡುವುದನ್ನೂ ಮರೆತು ಮುಖ ನೋಡಿದಳು. ಯಾರಾದರೂ ಕೆಮ್ಮಿದರೆ ಎದ್ದು ನಿಂತಳು.

ಮೂರನೇ ದಿನ ನಾಲ್ಕೂವರೆಗೆ ವಾಚನಾಲಯದ ಹುಡುಗಿ ಹೊರಬಂದಳು.

"ಅಜ್ಜಿ, ಇನ್ನು ನೀವೊಬ್ಬರೇ. ಹೇಳ್ತೀರೋ, ಬಾಗಿಲು ಹಾಕ್ಲೋ?"

"ಇದನ್ನೆಲ್ಲ ಯಾರು ಕೇಳ್ತಾರಮ್ಮ?"

"ಎಲ್ಲಾ ಊರಿನ ವಾಚನಾಲಯಕ್ಕೂ ಕಳಿಸ್ತೀವಿ. ಯಾರು ಬೇಕಾದ್ರೂ ಕೂತು ಕೇಳಬಹುದು."

ಕಾಜಕ್ಕ ಒಳಗೆ ಹೋಗಿ ದನಿ ಹಿಡಿಯುವ ಯಂತ್ರದ ಮುಂದೆ ಕೂತಳು. ಕರೆದೊಯ್ಯಲು ಬಂದಿದ್ದ ಸೊಸೆ ಬಾಗಿಲಿಗೆ ಒರಗಿ ನಿಂತಳು. ಮೂವತ್ತನಾಲ್ಕರ ಎದೆ ಅಳತೆಯಿಂದ ಶುರುವಾಯಿತು. ಬೀದಿ ಎರವಲು ತಂದದ್ದು, ನೆಲ ಬಿಟ್ಟು ಮೇಲೆದ್ದದ್ದು, ಯಾವುದೂ ಈ ಸಲ ಬರಲಿಲ್ಲ. ಬ್ಯಾನರು ಮೇಲೇರಿತು, ಕಥೆ ನಿಲ್ಲಲಿಲ್ಲ. "ಇಪ್ಪತ್ತೇಳು ನಂದು. ಚೀಟಿನೂ ನಂದು, ಕೈನೂ ನಂದು. ಕೇಳಿದಾಗ ನಾನು ಏಳಲಿಲ್ಲ," ಅಂದಳು. ಸೊಸೆ ಒಳಬಂದು ಪಕ್ಕದ ಕುರ್ಚಿಯಲ್ಲಿ ಕೂತಳು.

ಆಮೇಲೆ ಕಾಜಕ್ಕ ಯಂತ್ರಕ್ಕೆ ಇನ್ನಷ್ಟು ಬಗ್ಗಿದಳು.

"ನೋಡೇ ಗುಡುಗೇ, ನೀರಿನ ಟ್ಯಾಂಕಿನ ಸ್ಟಾಪಲ್ಲಿ ಇಳಿ. ಔಷಧಿ ಅಂಗಡಿ ಪಕ್ಕದ ಮೆಟ್ಟಿಲು ಹತ್ತು, ಎರಡನೇ ಮಹಡಿ, ನೀಲಿ ಬಾಗಿಲು. ಗಂಟೆ ಕೆಟ್ಟಿದೆ, ಕೂಗು. ನಾನು ಎಲ್ಲಿಗೂ ಹೋಗಲ್ಲ. ಮೊಣಕಾಲು ನೋವಿದ್ರೆ ಕೆಳಗಿಂದನೇ ಕೂಗು, ನಾನೇ ಇಳಿದು ಬರ್ತೀನಿ."

ಹುಡುಗಿ ಮೆಲ್ಲನೆ ಅಂದಳು: "ಅಜ್ಜಿ, ಇದು ಇತಿಹಾಸಕ್ಕೆ ಅಂತ."

"ಇತಿಹಾಸಾನೂ ಬರಲಿ ಬಿಡಮ್ಮ, ಕುರ್ಚಿ ಇದೆ." ಕಾಜಕ್ಕ ಯಂತ್ರದ ಕೆಂಪು ದೀಪ ನೋಡಿದಳು. "ಇನ್ನೂ ಓಡ್ತಿದೆಯಾ?"

"ಓಡ್ತಿದೆ."

"ಅವಳಿಗೂ ವಯಸ್ಸಾಗಿರುತ್ತೆ, ಕಿವಿ ಹೇಗಿದೆಯೋ ಏನೋ," ಎಂದು ಕಾಜಕ್ಕ ಗಂಟಲು ಸರಿಮಾಡಿಕೊಂಡು, ನೀರಿನ ಟ್ಯಾಂಕಿನ ಸ್ಟಾಪಿನಿಂದ ಮತ್ತೆ ಶುರುಮಾಡಿದಳು, ಈ ಸಲ ಜೋರಾಗಿ.