ಮಾವನ ಗೋಡೆ ಮೇಲೆ ಏಳು ಗೆರೆ

ಮಳವಳ್ಳಿಯಲ್ಲಿ ಬೋರ್ಡು ಬರೆಯುತ್ತಿದ್ದ ನಮ್ಮ ಮಾವನ ಕೈ ಕೆಡಿಸಿದವಳು ನಾನು. ವಯಸ್ಸಲ್ಲ, ಕಾಯಿಲೆಯಲ್ಲ. ನೆಂಟರೆಲ್ಲ ಫ್ಲೆಕ್ಸ್ ಬಂದು ಹಿಂಗಾಯ್ತು ಅಂತಾರೆ, ನಾನೂ ಸುಮ್ಮನೆ ಹೂಂಗುಟ್ಟುತ್ತೇನೆ. ಇಲ್ಲಾದರೂ ಇದ್ದದ್ದು ಇದ್ದಂಗೆ ಹೇಳಿಬಿಡೋಣ ಅಂತ ಕೂತಿದ್ದೀನಿ.

ಮಾವ ಅಂದರೆ ನಮ್ಮಮ್ಮನ ತಮ್ಮ. ನಮ್ಮ ಮನೆ ಮದ್ದೂರಲ್ಲಿ. ನಾನು ದಿನಾ ಬಸ್ಸಲ್ಲಿ ಮಂಡ್ಯಕ್ಕೆ ಹೋಗಿ ಗ್ರಾಫಿಕ್ ಡಿಸೈನ್ ಓದುತ್ತಿದ್ದೆ. ಕೊನೇ ವರ್ಷದ ಪ್ರಾಜೆಕ್ಟಿಗೆ ನಮ್ಮ ಮೇಷ್ಟ್ರು, "ಈಗ ಕೆಲಸ ಮಾಡ್ತಿರೋ ಅಕ್ಷರ ವಿನ್ಯಾಸಕರಲ್ಲಿ ನಿಮಗೆ ಹುಚ್ಚು ಹಿಡಿಸಿದವರು ಯಾರು ನೋಡಿ. ಅವರಿಂದ ಕಲಿತು ನಿಮ್ಮದೇ ಒಂದು ಫಾಂಟ್ ಮಾಡಿ" ಅಂದರು. ನನಗೆ ಇಬ್ಬರಿದ್ದರು. ಒಬ್ಬಾಕೆ ನಮ್ಮ ದೇಶದ ಲಿಪಿಗಳಿಗೆ ಫಾಂಟ್ ಮಾಡುವಾಕೆ. ಒಂದೊಂದು ಅಕ್ಷರವನ್ನೂ ನೀಲಿ ಗೆರೆಗಳ ನಡುವೆ ಕೂರಿಸಿ ಇಂಗ್ಲಿಷಿನಲ್ಲಿ ವಿವರಿಸುವ ಆಕೆಯ ವಿಡಿಯೋಗಳನ್ನ ಬಸ್ಸಲ್ಲಿ ನಿಂತುಕೊಂಡೇ ನೋಡುತ್ತಿದ್ದೆ. ಇನ್ನೊಬ್ಬ, ಊರೂರು ತಿರುಗಿ ಹಳೇ ಅಂಗಡಿ ಬೋರ್ಡುಗಳ ಫೋಟೋ ತೆಗೆದು ಅದರಿಂದ ಫಾಂಟ್ ಮಾಡುವವನು. ನಮ್ಮನೆಯಲ್ಲಿ ಅವರು ಯಾರು ಅಂತ ಯಾರಿಗೂ ಗೊತ್ತಿರಲಿಲ್ಲ. ನನಗೆ ಮಾತ್ರ ಅವರೇ ದೇವರು.

ಆ ಊರೂರು ತಿರುಗುವವನು ಹಾಕಿದ ಒಂದು ಫೋಟೋ ನೋಡುತ್ತಿದ್ದಾಗ ತಟ್ಟನೆ ಹೊಳೆಯಿತು, ಅಯ್ಯೋ, ನಮ್ಮ ಮನೇಲೇ ಒಬ್ಬ ಇದ್ದಾನಲ್ಲ! ಮಳವಳ್ಳಿ ಪೇಟೆಯಲ್ಲಿ ಅರ್ಧ ಬೋರ್ಡು ಮಾವನ ಕೈಯವೇ. ಅವನ ಅಕ್ಷರದಿಂದ ಫಾಂಟ್ ಮಾಡಿ, ಆ ಇಬ್ಬರಿಗೂ ಕಳಿಸಿ, ಅವರಿಂದ ಭೇಷ್ ಅನ್ನಿಸಿಕೊಳ್ಳಬೇಕು ಅಂತ ಲೆಕ್ಕ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಮಾವನಿಗೆ ಒಳ್ಳೇದಾಗಲಿ ಅನ್ನೋದು ಆಮೇಲೆ ಸೇರಿಸಿಕೊಂಡ ಮಾತು.

ಮಾವ ಬರೆಯುತ್ತಿದ್ದ ರೀತಿಯೇ ಬೇರೆ. ಗೋಡೆಗೆ ಒಂದೇ ಗೆರೆ. ನೀಲಿಪುಡಿಯಲ್ಲಿ ಅದ್ದಿದ ದಾರವನ್ನ ಎರಡು ಮೊಳೆಗೆ ಬಿಗಿದು, ನಡುವೆ ಹಿಡಿದೆಳೆದು ಬಿಟ್ಟರೆ ಗೋಡೆ ಮೇಲೆ ಅಡಿಗೆರೆ ಮೂಡುತ್ತಿತ್ತು. ಮೇಲುಗಡೆಗೆ ಗೆರೆಯಿಲ್ಲ, ಸ್ಕೇಲಿಲ್ಲ. ಅಕ್ಷರದ ಹೊಟ್ಟೆಗಳನ್ನೆಲ್ಲ ಮೊದಲು ಬರೆದು ಮುಗಿಸಿ, ಕೊನೆಗೆ ಎಡದಿಂದ ಬಲಕ್ಕೆ ತಲೆಕಟ್ಟುಗಳನ್ನ ಒಂದೇ ಸಮ ಹಾಕಿಕೊಂಡು ಹೋಗುತ್ತಿದ್ದ. ನಡುನಡುವೆ ಏಣಿ ಇಳಿದು, ರಸ್ತೆ ದಾಟಿ, ಆಚೆ ಬದಿಯಲ್ಲಿ ನಿಂತು ನೋಡಿ ಬರುತ್ತಿದ್ದ. ಯಾಕೆ ಅಂತ ನಾನು ಒಂದು ದಿನವೂ ಕೇಳಲಿಲ್ಲ.

ಒಂದು ಭಾನುವಾರ ಮಳವಳ್ಳಿಗೆ ಹೋಗಿ, ಮಾವನ ಮುಂದೆ ಬಿಳಿ ಹಾಳೆ ಹರಡಿ, "ಒಂದೊಂದೇ ಅಕ್ಷರ ಬರ್ಕೊಡು ಮಾವ" ಅಂದೆ.

"ಬರೀ 'ಗ' ಅಂತ ಬರೀಬೇಕಾ? ಯಾವ ಅಂಗ್ಡಿಗವ್ವ ಮಗ?" ಅಂದ.

"ಯಾವ ಅಂಗಡಿಗೂ ಇಲ್ಲ, ಸುಮ್ನೆ ಬರಿ."

ನಗುತ್ತಾ ಬರೆದ. ಮುಂದಿನ ವಾರ ಅದನ್ನೆಲ್ಲ ಲ್ಯಾಪ್‌ಟಾಪಿಗೆ ಹಾಕಿಕೊಂಡು ಹೋದೆ. ಅವನ ಐದಾರು 'ಗ'ಗಳನ್ನ ಸಾಲಾಗಿ ನಿಲ್ಲಿಸಿ, ಮೇಲೆ ಕೆಳಗೆ ನೀಲಿ ಗೆರೆ ಎಳೆದು ತೋರಿಸಿದೆ. ಒಂದು 'ಗ' ಗೆರೆಯಿಂದ ಕೆಳಕ್ಕಿಳಿದಿತ್ತು, ಇನ್ನೊಂದು ಮೇಲೆದ್ದಿತ್ತು. ಆ ಫಾಂಟ್ ಮಾಡುವಾಕೆಯ ವಿಡಿಯೋನೂ ಹಾಕಿ, ಆಕೆ ಹೇಳಿದ್ದನ್ನ ಕನ್ನಡದಲ್ಲಿ ಹೇಳುತ್ತಾ ಹೋದೆ. ಈ ಗೆರೆ ಇದಕ್ಕೆ, ಆ ಗೆರೆ ಅದಕ್ಕೆ, ಎಲ್ಲಾ ಅಕ್ಷರವೂ ಇದರೊಳಗೇ ಕೂರಬೇಕು. ಅರ್ಧ ಆಗಿತ್ತು, ಅಷ್ಟರಲ್ಲಿ ಅತ್ತೆ ಮುದ್ದೆ ಆರ್ತದೆ ಬನ್ನಿ ಅಂತ ಕೂಗಿದಳು. ಎದ್ದು ಹೋದೆವು, ಮಿಕ್ಕದ್ದು ನೋಡಲಿಲ್ಲ. ನಾನೂ ಆವರೆಗೆ ಯಾವತ್ತೂ ಆ ವಿಡಿಯೋ ಕೊನೆತನಕ ನೋಡಿರಲಿಲ್ಲ.

ಊಟಕ್ಕೆ ಕೂತಾಗ ಮಾವ ಕೇಳಿದ, "ಅಂಗಾರೆ ನಾನ್ ಇಷ್ಟ್ ದಿನ ಬರ್ದಿರೋದೆಲ್ಲ ಸೊಟ್ಟವಾ?"

ನನಗೆ ಆಗ ಎಂಥ ಕೊಬ್ಬು ಅಂದರೆ, "ಪರವಾಗಿಲ್ಲ ಬುಡು ಮಾವ, ನಾನು ಕಂಪ್ಯೂಟರಲ್ಲಿ ಎಲ್ಲಾನೂ ಸರಿ ಮಾಡ್ತೀನಿ" ಅಂದೆ. ಅವನು ತಲೆ ಬಗ್ಗಿಸಿ ಸಾರಲ್ಲಿ ಮುದ್ದೆ ಅದ್ದಿದ. ಮಾವ ಇವತ್ತು ಮಾತು ಕಮ್ಮಿ ಅಂತಷ್ಟೇ ನನಗೆ ಅನ್ನಿಸಿದ್ದು.

ನಾನು ಅವನ ಅಕ್ಷರಗಳನ್ನ ಕಂಪ್ಯೂಟರಲ್ಲಿ ಗೆರೆಗೆ ಕೂರಿಸಿ ತಿದ್ದುತ್ತಾ ಹದಿನೈದು ದಿನ ಕಳೆದಿರಬೇಕು, ಅತ್ತೆ ಅಮ್ಮನಿಗೆ ಫೋನ್ ಮಾಡಿ ಅತ್ತಳು. ಮಾವ ಟೇಪು ಹಿಡಿದು ಊರೆಲ್ಲ ಸುತ್ತುತ್ತಿದ್ದಾನಂತೆ. ತಾನೇ ಬರೆದ ಬೋರ್ಡುಗಳ ಕೆಳಗೆ ನಿಂತು ಅಳೆಯುತ್ತಾನಂತೆ, ಮನೆಗೆ ಬಂದು "ಊರ್ ತುಂಬ ಸೊಟ್ಟ ಬರ್ದಿವ್ನಿ, ಒಬ್ಬನಾದ್ರೂ ಯೋಳ್ಬಾರ್ದಾ" ಅಂತಾನಂತೆ. ಆಮೇಲೆ ತನ್ನ ಹಳೇ ಗಿರಾಕಿ ಗೊಬ್ಬರದಂಗಡಿಯವನನ್ನ ಕಾಡಿ ಬೇಡಿ, ಅಲ್ಲಿ ತಾನೇ ಬರೆದಿದ್ದ ಗೋಡೆಗೆ ಸುಣ್ಣ ಹೊಡೆದುಬಿಟ್ಟಿದ್ದಾನೆ. ಹೊಸದಾಗಿ ಸರಿಯಾಗಿ ಬರೆದುಕೊಡ್ತೀನಿ ಅಂತ. ಮೂರು ದಿನದಿಂದ ಗೋಡೆ ಖಾಲಿ ಇದೆ.

ಅವತ್ತೇ ನಾನು ಆ ವಿಡಿಯೋದ ಉಳಿದರ್ಧ ನೋಡಿದ್ದು. ಆಕೆ ಅಲ್ಲಿ ಏನು ಹೇಳಿದ್ದಳು ಗೊತ್ತಾ? ಅಳತೆಗೆ ಸಮ ಇದ್ದದ್ದು ಕಣ್ಣಿಗೆ ಸಮ ಕಾಣಲ್ಲ. ದುಂಡಗಿನ ಅಕ್ಷರ ಗೆರೆಯಿಂದ ಒಂಚೂರು ಆಚೆ ಬರಲೇಬೇಕು, ಎತ್ತರದಲ್ಲಿರುವ ಬೋರ್ಡಿಗೆ ಮೇಲ್ಭಾಗ ಒಂದಿಷ್ಟು ದೊಡ್ಡದಿರಬೇಕು, ಇದನ್ನ ಗೆರೆ ಹೇಳಿಕೊಡಲ್ಲ, ಕಣ್ಣೇ ಹೇಳಬೇಕು. ಮಾವ ಜೀವಮಾನವೆಲ್ಲ ಮಾಡಿದ್ದೇ ಅದು. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಮೊದಲು ಸಿಕ್ಕಿದ ಬಸ್ಸು ಹತ್ತಿ ಮಳವಳ್ಳಿಗೆ ಓಡಿದೆ.

ಗೋಡೆ ಮೇಲೆ ಏಳು ಗೆರೆ ಎಳೆದಿದ್ದ. 'ಬೀಜ, ಗೊಬ್ಬರ' ಅಂತ ಬರೆಯಬೇಕಾದ ಜಾಗದಲ್ಲಿ 'ಬೀ' ಮಾತ್ರ ಪೆನ್ಸಿಲ್ಲಲ್ಲಿ ಬರೆದು, ಅಳಿಸಿ, ಬರೆದು, ಅಷ್ಟಗಲ ಗೋಡೆ ಕರ್ರಗಾಗಿತ್ತು. ಮಾವ ಏಣಿ ಮೇಲೆ ಸ್ಕೇಲ್ ಹಿಡಿದು ನಿಂತಿದ್ದ. ಕೆಳಗಿಂದ ಅಂಗಡಿಯವನು, "ಎಂಗೋ ಒಂದ್ ಬರಿಯಣ್ಣ, ಓದಕ್ ಬಂದ್ರೆ ಸಾಕು" ಅನ್ನುತ್ತಿದ್ದ.

ಮಾವನನ್ನ ಇಳಿಸಿ, ಮೊಬೈಲ್ ಹಿಡಿದು ಎಲ್ಲಾ ಹೇಳಿದೆ. "ನೀನು ಬರ್ದಿದ್ದೇ ಸರಿ ಮಾವ, ಆಕೆನೇ ಹೇಳ್ತಾಳೆ ನೋಡು" ಅಂತ ಗೋಗರೆದೆ.

ಅವನು ಮೊಬೈಲ್ ನೋಡಲಿಲ್ಲ, ನನ್ನ ಮುಖ ನೋಡಿದ. "ಅವತ್ತು ಸೊಟ್ಟ ಅಂದೆ. ಈಗ ಸರಿ ಅಂತೀಯ. ನಿಮ್ಮತ್ತೆ ಯೋಳ್ಕೊಟ್ಟವ್ಳೆ ಕಣವ್ವ, ನನ್ ಸಮಾಧಾನಕ್ಕೆ."

ನಾನೇನು ಮಾಡಲಿ? ಆಕೆ ಮಾತಾಡುವುದು ಇಂಗ್ಲಿಷು. ಎರಡು ಸಲವೂ ಕನ್ನಡದಲ್ಲಿ ಹೇಳಿದವಳು ನಾನೇ, ಅವನು ಮೊದಲನೇ ಸಲದ್ದನ್ನ ನಂಬಿದ. ಆಣೆ ಮಾಡಿದೆ, ಕಣ್ಣೀರು ಹಾಕಿದೆ, ಬೈದೆ ಕೂಡ. ಬಿಸಿಲಲ್ಲಿ ಅವನು ನನ್ನ ಬೆನ್ನು ತಟ್ಟುತ್ತಾ ನಿಂತಿದ್ದ, ಕೆಟ್ಟಿದ್ದು ನನ್ನ ಕೈಯೇನೋ ಅನ್ನುವ ಹಾಗೆ.

"ನೀನ್ ಕಂಪ್ಯೂಟರಲ್ಲಿ ಸರಿ ಮಾಡಿದ್ದೀಯಲ್ಲ ನನ್ ಅಕ್ಸರ," ಅಂದ. "ಅದ್ರಲ್ಲೇ ಒಂದ್ ಫ್ಲೆಕ್ಸ್ ಒಡಿಸ್ಕೊಂಡ್ ಬಾ. ಪಾಪ, ಎಷ್ಟ್ ದಿನ ಕಾಯ್ತಾನೆ ಇವ್ನು."

ಆಗಲ್ಲ ಅಂದೆ. ಆದರೆ ಫ್ಲೆಕ್ಸೇ ಆಗಲಿ ಅಂತ ಅಂಗಡಿಯವನೂ ಹೇಳಿದ, ಅತ್ತೆಯೂ ಹೇಳಿದಳು. ಕೊನೆಗೆ ಮಂಡ್ಯದಲ್ಲಿ ಹೊಡೆಸಿಕೊಂಡು ಬಂದೆ. ಮಾವನೇ ಏಣಿ ಹತ್ತಿ, ಆ ಏಳು ಗೆರೆಗಳ ಮೇಲೆ ಮೊಳೆ ಹೊಡೆದು ಕಟ್ಟಿದ. ಕೆಳಗಿಂದ ನೋಡಿದರೆ ಅಕ್ಷರದ ಮೇಲ್ಭಾಗವೆಲ್ಲ ಕುಗ್ಗಿದ ಹಾಗೆ, ಜೀವವೇ ಇಲ್ಲದ ಹಾಗೆ ಕಾಣುತ್ತಿತ್ತು. ಅಳತೆಯಲ್ಲಿ ಮಾತ್ರ ಒಂದು ಕೂದಲೆಳೆ ಹೆಚ್ಚುಕಮ್ಮಿಯಿಲ್ಲ.

"ಚೆನ್ನಾಗಿಲ್ಲ ಮಾವ," ಅಂದೆ.

"ಸುಮ್ಕಿರು, ನಿಂಗೇನ್ ಗೊತ್ತು," ಅಂದ. ಅವನಿಗೆ ನಿಜವಾಗಿಯೂ ಖುಷಿಯಾಗಿತ್ತು, ಅದನ್ನ ನೋಡುವುದಕ್ಕೇ ನನ್ನ ಕೈಲಿ ಆಗಲಿಲ್ಲ. ಗೊಬ್ಬರ ತಕ್ಕೊಳ್ಳೋಕೆ ಬಂದಿದ್ದ ಒಬ್ಬರನ್ನ ನಿಲ್ಲಿಸಿಕೊಂಡು, ಮೇಲೆ ಕೈ ತೋರಿಸಿ, "ನಮ್ಮಕ್ಕನ್ ಮಗ್ಳು ಮಾಡಿರೋದು," ಅಂದ. "ನಂಗೆ ಬರ್ತಿರ್ಲಿಲ್ಲ, ಅವ್ಳು ತಿದ್ದುದ್ಲು."