ನೀಲವ್ವತ್ತೆಯ ಕಾರಿನ ಸಿಂಬಿ

ಸ್ಟೇಷನ್ ರಸ್ತೆಯ ಟಯರ್ ಅಂಗಡಿಯ ಮುಂದೆ, ಇಳಕಲ್ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಾರಿನ ಕೆಳಗೆ ತಲೆ ತೂರಿಸಿ ಅಂಗಾತ ಮಲಗಿದ್ದ ಹೆಂಗಸನ್ನು ನೀವು ಎಂದಾದರೂ ಕಂಡಿದ್ದರೆ, ಅದು ನಮ್ಮ ನೀಲವ್ವತ್ತೆ. ಮೊದಮೊದಲು ಜನ ಅಪಘಾತವಾಗಿದೆ ಎಂದು ಓಡಿ ಬರುತ್ತಿದ್ದರು. ಕೆಳಗಿನಿಂದ ಬೈಗುಳ ಕೇಳಿಸಿದ ಮೇಲೆ, ಹೆಂಗಸು ಗಟ್ಟಿಯಾಗಿಯೇ ಇದ್ದಾಳೆಂದು ಖಾತ್ರಿಯಾಗಿ ವಾಪಸು ಹೋಗುತ್ತಿದ್ದರು.

ಅತ್ತೆ ನನ್ನ ಅಪ್ಪನ ಅಕ್ಕ. ತವರು ಬಬಲೇಶ್ವರ, ಸಂಸಾರ ವಿಜಯಪುರದ ಅಥಣಿ ರಸ್ತೆಯಲ್ಲಿ. ಐವತ್ತು ದಾಟಿದ ಮೇಲೆ ಡ್ರೈವಿಂಗ್ ಕಲಿತು, ಹಠ ಹಿಡಿದು ಕರೆಂಟಿನ ಕಾರು ತರಿಸಿಕೊಂಡಳು. ಅವಳ ಗಂಡ, ಬಟ್ಟೆ ಅಂಗಡಿಯ ಶಂಕ್ರಪ್ಪ ಮಾಮ, ಕೀಲಿ ಕೊಡುವಾಗಲೇ ಷರತ್ತು ಹಾಕಿದ. ಇಂಥ ಕಾರಿಗೆ ಬ್ಯಾಟರಿ ಹೊಟ್ಟೆಯ ಕೆಳಗಿರುತ್ತದೆ, ಎತ್ತುವಾಗ ಜಾಕ್ ತಪ್ಪು ಜಾಗಕ್ಕೆ ತಗುಲಿದರೆ ಕಥೆ ಮುಗಿಯಿತು ಎಂದು ಯಾರೋ ಅವನ ಕಿವಿಯಲ್ಲಿ ಊದಿದ್ದರು.

"ಕೆಳಗ ಒಂದ ಗೀರು ಬಿದ್ರೂ ಗಾಡಿ ಮಾರಿಬಿಡ್ತೇನಿ, ಈಗ ಹೇಳಿರ್ತೇನಿ ನೋಡು," ಅಂದ.

ಅತ್ತೆಗೆ ಆ ಕಾರು ಎಂದರೆ ಯಾರನ್ನೂ ಕೇಳದೆ ತವರಿಗೆ ಹೋಗಿ ಬರುವುದು. ಅದಕ್ಕೆ ಮೊದಲು ಮಾಮನಿಗೆ ಬಿಡುವಾದಾಗ ಅವಳಿಗೆ ಬಬಲೇಶ್ವರ. ಮಾಮನಿಗೆ ಬಿಡುವಾಗುತ್ತಿದ್ದದ್ದು ಅಂಗಡಿಯ ಶಟರ್ ಸಿಕ್ಕಿಕೊಂಡ ದಿನ ಮಾತ್ರ.

ಹಾಗಾಗಿ ಅವಳ ಜೀವವೆಲ್ಲ ಜಾಕ್‌ಗೂ ಕಾರಿಗೂ ನಡುವೆ ಇಡುವ ಒಂದು ರಬ್ಬರ್ ಬಿಲ್ಲೆಯ ಮೇಲೆ ಬಂದು ಕೂತಿತು. ಟಯರ್ ಅಂಗಡಿಯವರು ಅದನ್ನು ಜಾಕ್ ಪ್ಯಾಡ್ ಎನ್ನುತ್ತಾರೆ. ಅತ್ತೆ ಸಿಂಬಿ ಎಂದಳು. "ತಲಿಗೂ ಕೊಡಕ್ಕೂ ನಡುವ ಇಡೂದು ಸಿಂಬಿ ಹೌದಲ್ಲೋ? ಇದೂ ಅದ. ಕೊಡ ಸ್ವಲ್ಪ ದೊಡ್ಡದೈತಿ, ಅಷ್ಟ."

ಮೊದಲ ಸಿಂಬಿಯನ್ನು ಅವಳು ಮಾಮನ ಹಳೆಯ ರಬ್ಬರ್ ಚಪ್ಪಲಿ ಕತ್ತರಿಸಿ ಮಾಡಿದಳು. ಜಾಕ್ ಏರಿಸುತ್ತಿದ್ದಂತೆ ಅದು ಹಪ್ಪಳವಾಯಿತು. ಅತ್ತೆ ಕಿರುಚಿದ್ದಕ್ಕೆ ಅಂಗಡಿಯವನ ಕೈ ನಿಂತು ಕಾರು ಉಳಿಯಿತು. ಆ ಚಪ್ಪಲಿ ಹಳೆಯದಲ್ಲ, ಹೊಸದಾಗಿತ್ತು ಎಂದು ಮಾಮ ಈಗಲೂ ವಾದಿಸುತ್ತಾನೆ.

ಕಾರಿನ ಕೆಳ ಅಂಚಿನಲ್ಲಿ ಜಾಕ್ ಹಚ್ಚಲೆಂದೇ ಒಂದು ತೂತಿದೆ. ಬಿಲ್ಲೆಯ ಮೇಲಿನ ಉಬ್ಬು ಅದರೊಳಗೆ ಬಿಗಿಯಾಗಿ ಕೂರಬೇಕು. ಅಳತೆಗೆಂದು ಅತ್ತೆ ಆ ತೂತಿಗೆ ರೊಟ್ಟಿಯ ಹಿಟ್ಟು ಒತ್ತಿದಳು. ಜೋಳದ ಹಿಟ್ಟು, ಬಿರಿದು ಉದುರಿತು. ಮರುದಿನ ಹೋಳಿಗೆಯ ಕಣಕ ಒತ್ತಿ ಅಚ್ಚು ತೆಗೆದು, ಡಬ್ಬಿಯಲ್ಲಿಟ್ಟುಕೊಂಡು ನನ್ನನ್ನೂ ಎಳೆದುಕೊಂಡು ಸ್ಟೇಷನ್ ರಸ್ತೆಗೆ ಹೊರಟಳು.

"ಅಕ್ಕಾರ, ಇದನ್ನ ಒಯ್ಯಿರಿ, ಎಲ್ಲಾ ಗಾಡಿಗೂ ಆಗ್ತೈತಿ," ಎಂದ ಅಂಗಡಿಯವ.

"ಹಂಗೇನು? ಹಂಗಾದ್ರ ನಿನ್ನ ಚಪ್ಲಿ ಬಿಡಪಾ, ನಾ ಹಾಕ್ಕೊಂಡು ಹೋಗ್ತೇನಿ. ನಂದು ನೀ ಹಾಕ್ಕೋ."

ಒಂದೊಂದೇ ಬಿಲ್ಲೆಯನ್ನು ಉಗುರಿನಿಂದ ಒತ್ತಿದಳು. ಎಷ್ಟು ಭಾರ ತಾಳುತ್ತದೆಂದು ಬರೆದಿರದಿದ್ದರೆ ಅತ್ತ ಎಸೆದಳು. ಬರೆದಿದ್ದರೂ ನಂಬದೆ ನೆಲಕ್ಕಿಟ್ಟು ಮೇಲೆ ಹತ್ತಿ ನಿಂತಳು. ಅತ್ತೆಯನ್ನು ತಾಳಿದ್ದು ಕಾರನ್ನೂ ತಾಳೀತು ಎಂದು ನನಗೆ ಅನ್ನಿಸಿತು. ಹೇಳುವ ಧೈರ್ಯವಾಗಲಿಲ್ಲ.

"ಇದು ತೆಳ್ಳಗಾತು," ಎಂದು ಇನ್ನೊಂದನ್ನು ಸರಿಸಿದಳು. "ಜಾಕಿನ ತಲಿ ಮ್ಯಾಲ ಹೋಗಿ ಬ್ಯಾಟರಿಗೆ ಮುದ್ದ ಕೊಡ್ತೈತಿ." ಕಡೆಗೆ ಕಣಕದ ಅಚ್ಚಿಗೆ ಹೊಂದುವ, ಗಟ್ಟಿ ರಬ್ಬರಿನ ದಪ್ಪ ಬಿಲ್ಲೆಯೊಂದು ಸಿಕ್ಕಿತು. ಅಂಗಡಿಯವ ದೇವರಿಗೆ ಕೈಮುಗಿದ.

ಒಮ್ಮೆ ಒಣದ್ರಾಕ್ಷಿ ತರಲು ಟಿಕೋಟಾಕ್ಕೆ ಹೋದಾಗ ಕಾರು ಪಂಕ್ಚರ್ ಆಯಿತು. ಫೋನು ಬಂತು: "ಲೇ, ಸಿಂಬಿ ಮನ್ಯಾಗ ಉಳದೈತಿ. ನಿಮ್ಮ ಮಾಮಾನ ಕಡಿಂದ ಇಸ್ಕೊಂಡು ಲಗೂನ ಬಾ." ಮಾಮ ಒಳಗೆಲ್ಲ ಹುಡುಕಿ ಒಂದು ಚೀಲ ಕೈಗಿತ್ತ. ಬೈಕಿನಲ್ಲಿ ಹೋಗಿ ಮುಟ್ಟುವಷ್ಟರಲ್ಲಿ ಪಂಕ್ಚರಿನವ ಜಾಕ್ ಹಿಡಿದು, "ಹಂಗ ಎತ್ತತೇನ್ರಿ ಅಕ್ಕಾರ, ಏನೂ ಆಗಂಗಿಲ್ಲ," ಎನ್ನುತ್ತಿದ್ದ.

"ಎತ್ತು ನೋಡೂಣು. ಆಮ್ಯಾಲ ನಿನ್ನ ನಾ ಎತ್ತತೇನಿ."

ಚೀಲ ಬಿಚ್ಚಿದರೆ ಒಳಗೆ ಹಳೇ ಸೀರೆಯ ಬಟ್ಟೆ ಸುತ್ತಿ ಮಾಡಿದ, ನೀರಿನ ಕೊಡ ಹೊರುವ ನಿಜವಾದ ಸಿಂಬಿ! ಫೋನು ಮಾಡಿದರೆ ಮಾಮ, "ಸಿಂಬಿ ಕೇಳಿದಿ, ಸಿಂಬಿ ಕೊಟ್ಟೇನಿ," ಎಂದ. ಅತ್ತೆ ಅದನ್ನು ತಲೆಯ ಮೇಲಿಟ್ಟುಕೊಂಡು ರಸ್ತೆಯಲ್ಲೇ ಕೂತು, "ಇದರ ಮ್ಯಾಲ ಗಾಡಿ ಇಡ್ರಿ, ನಾನ ಹೊತ್ಕೊಂಡು ಹೋಗ್ತೇನಿ," ಎಂದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಾನು ಮತ್ತೆ ವಿಜಯಪುರಕ್ಕೆ ಹೋಗಿ ರಬ್ಬರಿನದನ್ನು ತರುವವರೆಗೂ ಚಕ್ರ ಮುಟ್ಟಲು ಬಿಡಲಿಲ್ಲ.

ಹೋದ ವರ್ಷ, ಊಟ ಮಾಡಿ ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಅವಳು ಸದ್ದು ಮಾಡದೆ ಮಾಡಿದ ಕೆಲಸ ಅದೊಂದೇ. ಅದಕ್ಕಾಗಿ ನನಗೆ ಇವತ್ತಿಗೂ ಅವಳ ಮೇಲೆ ಸಿಟ್ಟಿದೆ.

ಮಾಮನಿಗೆ ಡ್ರೈವಿಂಗ್ ಬಾರದು. ಕಾರು ಧೂಳು ತಿನ್ನುತ್ತ ನಿಂತಿತ್ತು. ಮಾರಿಬಿಡು ಎಂದು ಎಲ್ಲರೂ ಹೇಳಿದರು, ಅವನೂ ಹೂಂ ಎಂದ. ಗೋಳಗುಮ್ಮಟದ ಕಡೆಯಿಂದ ಒಬ್ಬರು ನೋಡಲು ಬಂದರು. ಕೆಳಗೆ ಬಗ್ಗಿ ಮೊಬೈಲಿನ ಬೆಳಕು ಬಿಟ್ಟು, ಬಹಳ ಹೊತ್ತು ನೋಡಿ ಎದ್ದು ಕೈ ಕೊಡವಿದರು.

"ಯಜಮಾನ್ರ, ಒಂದ ಗೀರೂ ಇಲ್ಲರಿ. ಭಾಳ ಜ್ವಾಪಾನ ಮಾಡ್ಯಾರ."

ಮಾಮ ಅವರ ಕೈಯಿಂದ ಕೀಲಿ ಇಸಿದುಕೊಂಡ.

"ಗೀರು ಬಿದ್ರ ಮಾರ್ತೇನಿ ಅಂದಿದ್ದೆ. ಬಿದ್ದಿಲ್ಲಲ್ರಿ," ಎಂದ. "ಮಾರಾಕ ಒಂದ ನೆವಾನೂ ಉಳಿಸಿ ಹೋಗಿಲ್ಲ ಆಕಿ."

ಅವರು ಹೋದ ಮೇಲೆ ಕೀಲಿಯನ್ನು ನನ್ನ ಕಡೆಗೆ ಎಸೆದು, ತಾನು ಎಡಗಡೆಯ ಬಾಗಿಲು ತೆಗೆದು ಕೂತ. ಅದು ಅಂಗಡಿ ತೆರೆಯುವ ಹೊತ್ತು.

"ಬಬಲೇಶ್ವರಕ್ಕ ನಡಿ," ಎಂದ.